ಮೇಷ್ಟ್ರು ತೆಗೆದ ಪ್ಯಾರಾ

ನಾನು ಬೆಂಗಳೂರಿನ ನಮ್ಮ ಕಾಲೇಜಿಗೆ ಬಿ.ಕಾಂ.ಗೆ ಸೇರಿದ್ದು 1988ರಲ್ಲಿ. ಮೂರು ವರ್ಷ ಓದಿದ್ದು ಲೆಕ್ಕಪತ್ರ. ನೆನಪಿನಲ್ಲಿ ಉಳಿದಿದ್ದು ಕನ್ನಡ ಮೇಷ್ಟ್ರು. ಅವರ ಬಗ್ಗೆ ಬರೆಯಲಾ ಅಂತ ಕೇಳಿದ್ದಕ್ಕೆ, 'ಬರಿ, ಆದರೆ ನನ್ನ ಹೆಸರು ಹಾಕಬೇಡ, ಆಮೇಲೆ ಹಾರ ಹಿಡ್ಕೊಂಡು ಬಂದುಬಿಡ್ತಾರೆ' ಅಂದರು. ಹಾಗಾಗಿ ಇಲ್ಲಿ ಅವರು ಬರೀ ಮೇಷ್ಟ್ರು. ನನ್ನ ಬ್ಯಾಚಿನವರಿಗೆ ಯಾರು ಅಂತ ಎರಡನೇ ಸಾಲಿಗೇ ಗೊತ್ತಾಗಿರುತ್ತೆ.

ಅವರು ಕಥೆ ಬರೆಯುತ್ತಾರೆ ಅನ್ನುವುದೇ ನಮಗೆ ಮೊದಲು ಗೊತ್ತಿರಲಿಲ್ಲ. ಗೊತ್ತಾಗಿದ್ದು ಅವೆನ್ಯೂ ರೋಡಿನ ಫುಟ್‌ಪಾತಿನಲ್ಲಿ. ಹಳೇ ಪುಸ್ತಕದ ರಾಶಿಯಲ್ಲಿ ನಮ್ಮ ಕ್ಲಾಸಿನ ಒಬ್ಬನಿಗೆ ಅವರ ಕಥಾಸಂಕಲನ ಸಿಕ್ಕಿತು. ಮೂರು ರೂಪಾಯಿ. ಒಳಗೆ ಯಾರೋ ಗೆಳೆಯನಿಗೆ 'ಪ್ರೀತಿಯಿಂದ' ಅಂತ ಅವರದೇ ಸಹಿ. ನಾವು ಸಂಭ್ರಮದಿಂದ ಕ್ಲಾಸಿಗೆ ತಂದು ತೋರಿಸಿದೆವು. ಮೇಷ್ಟ್ರು ಸಹಿ ನೋಡಿದರು, ಪುಟ ತಿರುಗಿಸಿದರು. ಮಧ್ಯದ ಹಾಳೆಗಳು ಇನ್ನೂ ಅಂಟಿಕೊಂಡೇ ಇದ್ದವು. 'ಅಯ್ಯೋ, ಓದದೇ ಮಾರಿದಾನಲ್ಲಯ್ಯಾ' ಅಂತ ನಕ್ಕರು. ಆಮೇಲೆ, 'ನಿಮ್ಮಲ್ಲಿ ಯಾರಾದರೂ ಬರೀತೀರೋ? ಶನಿವಾರ ಮಧ್ಯಾಹ್ನ ಬನ್ನಿ' ಅಂದರು.

ಶನಿವಾರ ಒಂದು ಗಂಟೆಗೆ ಕ್ಲಾಸು ಮುಗಿಯುತ್ತಿತ್ತು. ಮಹಡಿಯ ಮೇಲೆ ಎನ್‌ಸಿಸಿ ಸಾಮಾನು ಇಡುವ ಕೋಣೆಯ ಪಕ್ಕದ ರೂಮು ನಮ್ಮದು. ಹಾಜರಿ ಇಲ್ಲ, ಸಿಲಬಸ್ ಇಲ್ಲ. ಮೊದಲ ವಾರ ಇಪ್ಪತ್ತು ಜನ. ಪರೀಕ್ಷೆ ಹತ್ತಿರ ಬಂದಾಗ ಐದು.

ನಾನು ಮೊದಲು ಓದಿದ ಕಥೆ ಆಗುಂಬೆಯ ಮಳೆಯ ಮೇಲೆ. ಮಂಜು, ಅಡಿಕೆ ತೋಟ, ಹೆಂಚಿನ ಮನೆ, ಜಗಲಿಯಲ್ಲಿ ಕೂತ ಒಬ್ಬಳು ಹುಡುಗಿ. ಓದಿ ಮುಗಿಸಿ ಹೊಗಳಿಕೆಗೆ ಕಾದೆ.

'ಆಗುಂಬೆಗೆ ಯಾವಾಗ ಹೋಗಿದ್ದೆ?'

'ಹೋಗಿಲ್ಲ ಸಾರ್.'

'ಮನೆ ಎಲ್ಲಿ?'

'ಕಬ್ಬನ್‌ಪೇಟೆ ಸಾರ್.'

'ಅಲ್ಲಿ ಮಳೆ ಬರಲ್ವಾ?'

ಎಲ್ಲರೂ ನಕ್ಕರು. ನನಗೆ ಅವಮಾನವಾಯಿತು. ಕಬ್ಬನ್‌ಪೇಟೆ ಗೊತ್ತಿದ್ದವರಿಗೆ ಅರ್ಥವಾಗುತ್ತೆ. ಎರಡು ಸೈಕಲ್ ಎದುರಾದರೆ ಒಂದು ನಿಲ್ಲಬೇಕು, ಅಷ್ಟಗಲದ ಗಲ್ಲಿ. ಮನೆ ಮನೆಯಲ್ಲೂ ಮಗ್ಗ. ನಮ್ಮ ಮನೆಯಲ್ಲಿ ನಾಲ್ಕು ಪವರ್‌ಲೂಮ್. ಅವುಗಳ ಪಕ್ಕದಲ್ಲೇ ಊಟ, ನಿದ್ದೆ, ಓದು. ಅಮ್ಮ ಮಗ್ಗದ ಲಾಳಿಯೊಳಗೆ ಕೂರಿಸುವ ನೂಲಿನ ಕಂಡಿಕೆ ಸುತ್ತುತ್ತಾ ಸಾರು ಕುದಿಸುತ್ತಿದ್ದರು. ಮನೆಯಲ್ಲಿ ಎಲ್ಲರೂ ಜೋರಾಗಿ ಮಾತಾಡುತ್ತಿದ್ದೆವು, ಹೊರಗೆ ಹೋದಾಗಲೂ. ಕಾಲೇಜಿನಲ್ಲಿ ಯಾರಿಗೂ ಇದನ್ನು ಹೇಳಿರಲಿಲ್ಲ. ಕಥೆ ಅಂದರೆ ಇದರಿಂದ ಆಚೆ ಹೋಗುವುದು ಅಂದುಕೊಂಡಿದ್ದೆ.

ಮೇಷ್ಟ್ರು ಅದರ ಬಗ್ಗೆ ಭಾಷಣ ಮಾಡಲಿಲ್ಲ. ಮುಂದಿನ ಶನಿವಾರ ಬೆಳಗ್ಗೆ ಐದಕ್ಕೆ ಎಲ್ಲರೂ ಕೆ.ಆರ್. ಮಾರ್ಕೆಟ್ಟಿಗೆ ಬರಬೇಕು ಅಂದರು. ಒಂದೇ ಷರತ್ತು: ಹೂವಿನ ಬಣ್ಣ ಬರೆಯಬಾರದು, ವಾಸನೆ ಬರೆಯಬಾರದು. ಕಿವಿಗೆ ಬಿದ್ದಿದ್ದು ಮಾತ್ರ. ಅರ್ಧ ಗಂಟೆ ಸುಮ್ನೆ ನಿಂತು ಕೇಳಿ, ಆಮೇಲೆ ಮೂಲೆಯಲ್ಲಿ ಕೂತು ಬರೆಯುವುದು. ನಮ್ಮ ಜತೆ ಶ್ರೀರಾಂಪುರದ ಹುಡುಗಿ ಒಬ್ಬಳಿದ್ದಳು, ಕ್ಲಾಸಿನಲ್ಲಿ ಬಾಯಿಯೇ ಬಿಡದವಳು. ಅವಳ ಹಾಳೆಯಲ್ಲಿ ಒಂದೇ ಜಗಳ ಇತ್ತು. ಹೂ ಕೊಳ್ಳುವವಳು, 'ಏನಮ್ಮಾ, ಇಷ್ಟು ಚಿಕ್ಕ ಕೈಯಲ್ಲಿ ಮೊಳ ಹಾಕ್ತೀಯ?' ಅನ್ನುತ್ತಾಳೆ. ಹೂವಿನವಳು, 'ದೇವರು ಕೊಟ್ಟ ಕೈ ಕಣಕ್ಕಾ, ನಿನಗೋಸ್ಕರ ಉದ್ದ ಮಾಡಿಸ್ಕೊಂಡು ಬರಲಾ?' ಅನ್ನುತ್ತಾಳೆ. ಅಷ್ಟೇ. ಮೇಷ್ಟ್ರು ಅದನ್ನು ಎರಡು ಸಲ ಓದಿಸಿದರು. ಆಮೇಲೆ ಎಲ್ಲರಿಗೂ ಇಡ್ಲಿ ಕೊಡಿಸಿದರು.

ಇಂಥ ಮೇಷ್ಟ್ರುಗಳು ಆಗ ಬೆಂಗಳೂರಿನಲ್ಲಿ ಒಬ್ಬರೇ ಇರಲಿಲ್ಲ ಅನ್ನುವುದನ್ನೂ ಹೇಳಬೇಕು. ನಮ್ಮ ಮೇಷ್ಟ್ರ ಬಾಯಲ್ಲಿ ಪದೇ ಪದೇ ಬರುತ್ತಿದ್ದ ಹೆಸರು ಜಿ.ಪಿ. ರಾಜರತ್ನಂ. ಅವರಿಗೂ ಹಿಂದೆ ಸೆಂಟ್ರಲ್ ಕಾಲೇಜಿನಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು, ಬಿ.ಎಂ.ಶ್ರೀ. ಅಲ್ಲಿನ ಕರ್ನಾಟಕ ಸಂಘದಿಂದಲೇ 'ಪ್ರಬುದ್ಧ ಕರ್ನಾಟಕ' ಪತ್ರಿಕೆ ಹುಟ್ಟಿದ್ದು. ಬಿ.ಎಂ.ಶ್ರೀ ಪಾಠ ಹೇಳುತ್ತಿದ್ದದ್ದು ಇಂಗ್ಲಿಷ್, ಹುಡುಗರಿಗೆ ಹಚ್ಚಿದ್ದು ಕನ್ನಡದ ಹುಚ್ಚು. ನಮ್ಮ ಕಾಲಕ್ಕೆ ಕ್ರೈಸ್ಟ್ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು ಚಿ. ಶ್ರೀನಿವಾಸರಾಜು ಇದ್ದರು. ಅಲ್ಲಿನ ಕನ್ನಡ ಸಂಘ ಬೇಂದ್ರೆ ಹೆಸರಿನಲ್ಲಿ ಕಾಲೇಜು ಹುಡುಗರಿಗೆ ಕವನ ಸ್ಪರ್ಧೆ ನಡೆಸುತ್ತಿತ್ತು. ಪದ್ಯ ಬರೆಯುವ ಹುಡುಗರಿಗೆ ಅದು ರಣಜಿ ಟ್ರೋಫಿ ಇದ್ದ ಹಾಗೆ. ನಾನೂ ಒಂದು ಸಲ ಕಳಿಸಿದೆ. ಏನೂ ಬರಲಿಲ್ಲ. ಕಾಮರ್ಸ್ ಹುಡುಗರಿಗೆ ಕನ್ನಡ ಯಾಕೆ ಅಂತ ಯಾರಾದರೂ ಕೇಳಿದರೆ ನಮ್ಮ ಹತ್ತಿರ ಉತ್ತರ ರೆಡಿ ಇರುತ್ತಿತ್ತು: ಕವಿ ಎಚ್.ಎಸ್. ವೆಂಕಟೇಶಮೂರ್ತಿ ಪಾಠ ಮಾಡುತ್ತಿದ್ದದ್ದು ಸೇಂಟ್ ಜೋಸೆಫ್ ಕಾಮರ್ಸ್ ಕಾಲೇಜಿನಲ್ಲೇ! 2025ರಲ್ಲಿ ಅವರು ತೀರಿಕೊಂಡಾಗ ನಮ್ಮ ಹಳೇ ಗುಂಪಿನ ವಾಟ್ಸಾಪಿನಲ್ಲಿ ದಿನವಿಡೀ ಅದೇ ಮಾತು. ಅಮೆರಿಕದ ಅಯೋವಾದಲ್ಲಿ 1936ರಿಂದಲೇ ಬರವಣಿಗೆ ಕಲಿಸಲು ಒಂದು ಶಾಲೆಯೇ ಇದೆ ಅಂತ ಬಹಳ ತಡವಾಗಿ ತಿಳಿಯಿತು. ನಮ್ಮಲ್ಲಿ ಅದು ಟೈಮ್‌ಟೇಬಲ್ಲಿನಲ್ಲಿ ಇರಲಿಲ್ಲ. ಮೇಷ್ಟ್ರ ಶನಿವಾರದಲ್ಲಿ ಇತ್ತು.

ಎರಡನೇ ವರ್ಷ ನಾನು ಮಗ್ಗದ ಕಥೆ ಬರೆದೆ. ಅಪ್ಪ, ಮಗ, ಒಂದು ಸೀರೆ. ಅರ್ಧ ನೇಯ್ದ ಸೀರೆಯ ಮುಂದೆ ಇಬ್ಬರಿಗೂ ಜಗಳವಾಗುತ್ತೆ. ಮೇಷ್ಟ್ರು ಓದುವ ಮೊದಲೇ ವಾಪಸ್ ಕೊಟ್ಟು, 'ಇದನ್ನ ನಿಮ್ಮ ಅಪ್ಪನಿಗೆ ಓದಿ ಹೇಳು, ಆಮೇಲೆ ತಾ' ಅಂದರು. ನನಗೆ ನಡುಕ. ಅಪ್ಪ ಓದಿದ್ದು ನಾಲ್ಕನೇ ಕ್ಲಾಸು. ಒಂದು ಭಾನುವಾರ ಕರೆಂಟು ಹೋದಾಗ, ಮಗ್ಗ ನಿಂತಾಗ, ಓದಿದೆ. ಜಗಳದ ಭಾಗ ಬಂದಾಗ ಅಪ್ಪ ಏನೂ ಅನ್ನಲಿಲ್ಲ. ಕೊನೆಗೆ ಒಂದೇ ಮಾತು ಹೇಳಿದರು: 'ಲಾಳಿ ಕುದುರೆ ಹಂಗೆ ಓಡುತ್ತೆ ಅಂತ ಬರ್ದಿದೀಯಲ್ಲ. ಕುದುರೆ ಎಲ್ಲಿಗಾದ್ರೂ ಹೋಗುತ್ತೆ ಕಣೋ. ಲಾಳಿ ಎಲ್ಲಿಗೆ ಹೋಗುತ್ತೆ? ಆ ಕಡೆ ಹೋಗುತ್ತೆ, ಈ ಕಡೆ ಬರುತ್ತೆ.'

ಸೋಮವಾರ ಮೇಷ್ಟ್ರಿಗೆ ಇದನ್ನು ಹೇಳಿದೆ. ಅವರು ಜೇಬಿನಿಂದ ಪೆನ್ಸಿಲ್ ತೆಗೆದು ಕುದುರೆಯ ಮೇಲೆ ಒಂದು ಗೆರೆ ಎಳೆದರು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ನನಗೆ ಇದು ಹೊಳೀತಿರಲಿಲ್ಲ' ಅಂದರು.

ಶನಿವಾರದ ಗುಂಪಿನಿಂದ ನಾವೊಂದು ಪತ್ರಿಕೆ ತರುತ್ತಿದ್ದೆವು. ಸೈಕ್ಲೋಸ್ಟೈಲಿನದು, ಅಂದರೆ ಸ್ಟೆನ್ಸಿಲ್ ಮೂಲಕ ಮಸಿ ಒತ್ತಿ ಪ್ರತಿ ತೆಗೆಯುವುದು. ಸ್ಟೆನ್ಸಿಲ್ ಹಾಳೆಯ ಮೇಲೆ ಮೊನಚು ಕಡ್ಡಿಯಿಂದ ಕೈಯಲ್ಲೇ ಬರೆಯಬೇಕು. ಜಾಸ್ತಿ ಒತ್ತಿದರೆ ಹಾಳೆ ಹರಿಯುತ್ತೆ, ಕಮ್ಮಿ ಒತ್ತಿದರೆ ಅಕ್ಷರ ಮೂಡಲ್ಲ. ಒತ್ತಕ್ಷರ ಇದ್ದ ಕಡೆ ಜೀವ ಹೋಗುತ್ತಿತ್ತು. ಸುಲಭದ ಪದ ಬಳಸುವುದನ್ನು ನಾನು ಅರ್ಧ ಕಲಿತಿದ್ದೇ ಆ ಕಡ್ಡಿಯಿಂದ. ನೂರು ಪ್ರತಿ, ಒಂದೊಂದಕ್ಕೆ ಒಂದು ರೂಪಾಯಿ. ಕ್ಯಾಂಟೀನಿನ ಮುಂದೆ ನಿಂತು ಮಾರುತ್ತಿದ್ದೆವು. ಅಂಗಿ ತುಂಬಾ ಮಸಿ.

ನನ್ನ ಕಥೆ ಅದರಲ್ಲಿ ಬಂತು, ಆದರೆ ಕೊನೆಯ ಪ್ಯಾರಾ ಇರಲಿಲ್ಲ. ಮೇಷ್ಟ್ರು ತೆಗೆದಿದ್ದರು, ನನ್ನನ್ನು ಕೇಳದೆ. ಆ ಪ್ಯಾರಾದಲ್ಲಿ ಮಗನಿಗೆ ಅಪ್ಪನ ಕಷ್ಟ ಅರ್ಥವಾಗಿ ಕಣ್ಣೀರು ಬರುತ್ತೆ. ನಾನು ಎರಡು ರಾತ್ರಿ ಕೂತು ಬರೆದಿದ್ದೆ. ಹೋಗಿ ಕೇಳಿದೆ. 'ಮಗ್ಗ ನಿಂತಿತು ಅಂತ ಬರ್ದೆ. ಕಥೆ ಅಲ್ಲಿಗೇ ಆಯ್ತಲ್ಲಯ್ಯಾ. ಆಮೇಲೆ ನೀನೇ ಅಳ್ತಾ ಕೂತ್ರೆ ಓದೋರು ಏನು ಮಾಡಬೇಕು?' ಅಂದರು. ಅವರು ಹೇಳಿದ್ದರಲ್ಲಿ ಸತ್ಯ ಇತ್ತು. ಆದರೂ ಕೇಳಬೇಕಿತ್ತು. ನಾನು ನಾಲ್ಕು ಶನಿವಾರ ಹೋಗಲಿಲ್ಲ.

ಇನ್ನೊಂದು ವಿಷಯ ಮುಚ್ಚಿಡುವುದು ಸರಿಯಲ್ಲ. ಮೇಷ್ಟ್ರಿಗೆ ಕಥೆಯ ಮೇಲಿದ್ದ ತಾಳ್ಮೆ ಪದ್ಯದ ಮೇಲೆ ಇರಲಿಲ್ಲ. ಪ್ರೇಮಪದ್ಯ ಓದಿದರೆ ಕಿಟಕಿ ಕಡೆ ನೋಡಿ ನಗುತ್ತಿದ್ದರು. ಒಬ್ಬ ಹುಡುಗ ಅದರಿಂದಲೇ ಬರೆಯುವುದು ಬಿಟ್ಟ. ಅವನ ಪದ್ಯ ಅಷ್ಟೇನೂ ಕೆಟ್ಟದಿರಲಿಲ್ಲ. ಹದಿನೆಂಟು ವರ್ಷದವನ ನೋಟುಬುಕ್ಕಿನ ಮುಂದೆ ನಗಬಾರದು ಅಂತ ನನಗೆ ಈಗಲೂ ಅನ್ನಿಸುತ್ತೆ. ಮೇಷ್ಟ್ರಿಗೂ ಅನ್ನಿಸಿತ್ತು ಅಂತ ಕಾಣುತ್ತೆ. ಫೈನಲ್ ವರ್ಷದಲ್ಲಿ ಅವನನ್ನು ಹುಡುಕಿಕೊಂಡು ಹಾಸ್ಟೆಲಿಗೆ ಹೋಗಿದ್ದರಂತೆ. ಅವನು ಸಿಗಲಿಲ್ಲ.

ಆ ಮೂರು ವರ್ಷದಲ್ಲಿ ಅವರ ಹೊಸ ಪುಸ್ತಕ ಯಾವುದೂ ಬರಲಿಲ್ಲ. ಬೀಳ್ಕೊಡುಗೆಯ ದಿನ ಧೈರ್ಯ ಮಾಡಿ, 'ಯಾಕೆ ಸಾರ್?' ಅಂದೆ. 'ಶನಿವಾರ ಬರೆಯೋಣ ಅಂತಿದ್ದೆ. ನೀವು ಬಂದುಬಿಟ್ರಿ' ಅಂದರು. ತಮಾಷೆಗೆ ಅಂದರೋ, ನಿಜಕ್ಕೂ ಅಂದರೋ ಗೊತ್ತಾಗಲಿಲ್ಲ. ಮತ್ತೆ ಕೇಳಲೂ ಇಲ್ಲ.

ನಾನು ಕಥೆಗಾರನಾಗಲಿಲ್ಲ. ಬ್ಯಾಂಕಿಗೆ ಸೇರಿದೆ. ಅಲ್ಲಿ ವರದಿ ಬರೆಯುವ ಕೆಲಸ ಬಂದರೆ ಎಲ್ಲರೂ ನನ್ನ ಟೇಬಲ್ಲಿಗೆ ತರುತ್ತಾರೆ. ನಾನು ಮೊದಲು ನೋಡುವುದು ಕೊನೆಯ ಪ್ಯಾರಾ. ಅಪ್ಪ 2003ರಲ್ಲಿ ಮಗ್ಗಗಳನ್ನು ಮಾರಿದರು. ಆ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆ ಬರಲಿಲ್ಲ, ಸದ್ದೇ ಇರಲಿಲ್ಲವಲ್ಲ.

ಈ ಬರಹಕ್ಕಾಗಿ ಮೇಷ್ಟ್ರಿಗೆ ಫೋನ್ ಮಾಡಿದಾಗ ಅವರೇ ಕೇಳಿದರು: 'ಆ ಪ್ಯಾರಾದ ಕೋಪ ಇನ್ನೂ ಇದೆಯೇನೋ?'

'ಇದೆ ಸಾರ್.'

'ಇಟ್ಟುಕೊಂಡಿದ್ದರೆ ಕಳಿಸು. ಇನ್ನೊಂದು ಸಲ ನೋಡೋಣ.'

ಅಟ್ಟದ ಮೇಲಿನ ಟ್ರಂಕಿನಲ್ಲಿ ಸಿಕ್ಕಿತು, ಕಂಡಿಕೆಯ ಖಾಲಿ ಕಡ್ಡಿಗಳ ಕೆಳಗೆ, ನಾಲ್ಕಾಗಿ ಮಡಿಸಿದ ಹಾಳೆ. ಓದಿದೆ. ಇನ್ನೂ ಕಳಿಸಿಲ್ಲ.