ಗೃಹಸಾಲಕ್ಕೆ ಮುನ್ನ ಸಿಬಿಲ್ ವರದಿಯನ್ನು ಪೂರ್ತಿ ಓದಿ

ಮನೆ ಸಾಲ ಬೇಕೆನ್ನುವವರು ಸಿಬಿಲ್ ವರದಿಯಲ್ಲಿ, ಅಂದರೆ ತಮ್ಮ ಸಾಲ ಮತ್ತು ಮರುಪಾವತಿಯ ದಾಖಲೆಯಲ್ಲಿ, ನೋಡುವುದು ಸ್ಕೋರ್ ಎಂಬ 300ರಿಂದ 900ರೊಳಗಿನ ಆ ಮೂರಂಕಿಯನ್ನು ಮಾತ್ರ. 750 ದಾಟಿದರೆ ನಿರಾಳ. ಆದರೆ ಬ್ಯಾಂಕಿನವರು ಅಷ್ಟಕ್ಕೇ ನಿಲ್ಲದೆ ವರದಿಯ ಒಳಪುಟಗಳನ್ನೂ ನೋಡುತ್ತಾರೆ. ಅರ್ಜಿ ತಿರಸ್ಕಾರವಾಗುವ ಕಾರಣ ಎಷ್ಟೋ ಸಲ ಅಲ್ಲೇ ಇರುತ್ತದೆ.

ಪ್ರತಿ ಸಾಲದ ಕೆಳಗೆ ತಿಂಗಳುವಾರು ಡಿಪಿಡಿ (ಡೇಸ್ ಪಾಸ್ಟ್ ಡ್ಯೂ, ಅಂದರೆ ಕಂತು ಎಷ್ಟು ದಿನ ತಡ ಎಂಬ) ಸಾಲು ಇರುತ್ತದೆ, 36 ತಿಂಗಳವರೆಗೆ. ‘000’ ಎಂದರೆ ಬಾಕಿಯಿಲ್ಲ. ‘030’ ಎಂದರೆ ಕಂತು 30 ದಿನ ತಡ. ಹಳೆಯದಕ್ಕಿಂತ ಇತ್ತೀಚಿನ ತಿಂಗಳುಗಳ ತಡವೇ ಹೆಚ್ಚು ಕಾಡುತ್ತದೆ.

ಇನ್ನೊಂದು, ‘ಸೆಟಲ್ಡ್’ ಎಂಬ ನಮೂದು. ಕಾರ್ಡಿನ ಬಾಕಿ 60,000 ರೂಪಾಯಿ, ರಾಜಿಯಲ್ಲಿ 35,000 ಕಟ್ಟಿ ಮುಗಿಸಿದಿರಿ ಎನ್ನಿ. ನಿಮ್ಮ ಪಾಲಿಗೆ ಲೆಕ್ಕ ಚುಕ್ತಾ. ಬ್ಯಾಂಕಿನ ಪಾಲಿಗೆ 25,000 ನಷ್ಟ. ಉಳಿದದ್ದನ್ನು ಕಟ್ಟಿ, ನೋ ಡ್ಯೂಸ್ (ಬಾಕಿಯಿಲ್ಲ ಎಂಬ) ಪತ್ರ ಪಡೆದು, ವರದಿಯಲ್ಲಿ ‘ಕ್ಲೋಸ್ಡ್’ ಎಂದು ಬದಲಾಗಿದೆಯೇ ನೋಡಿಕೊಳ್ಳಿ. ಪತ್ರ ಕೈಗೆ ಬಂದ ಮಾತ್ರಕ್ಕೆ ವರದಿ ತಾನಾಗಿ ಸರಿಹೋಗುತ್ತದೆಂದು ನಂಬಬೇಡಿ.

ಕ್ರೆಡಿಟ್ ಕಾರ್ಡ್ ಬಿಲ್ಲನ್ನು ತಪ್ಪದೆ ಕಟ್ಟುವವರಿಗೂ ಸ್ಕೋರ್ ಇಳಿಯುವುದುಂಟು. 1 ಲಕ್ಷ ಲಿಮಿಟ್‌ನಲ್ಲಿ 80,000 ಬಳಸಿ ಕೊನೆಯ ದಿನಕ್ಕೆ ಕಟ್ಟಿದರೂ, ಅಷ್ಟರಲ್ಲಿ ಸ್ಟೇಟ್‌ಮೆಂಟಿನ ಮೊತ್ತ ಕ್ರೆಡಿಟ್ ಬ್ಯೂರೋಗೆ, ಅಂದರೆ ಈ ವರದಿ ತಯಾರಿಸುವ ಸಂಸ್ಥೆಗೆ, ಹೋಗಿರಬಹುದು. ಸ್ಟೇಟ್‌ಮೆಂಟ್ ಬರುವ ಮೊದಲೇ ಬಹುಪಾಲು ಕಟ್ಟಿ, ಬಳಕೆಯನ್ನು 30 ಶೇಕಡದೊಳಗೆ ಇಡಿ. ಈ ಹೊತ್ತಿನಲ್ಲಿ ಹಳೇ ಕಾರ್ಡ್ ಮುಚ್ಚಬೇಡಿ. ಒಟ್ಟು ಲಿಮಿಟ್ ಕುಗ್ಗಿ ಬಳಕೆಯ ಪ್ರಮಾಣ ಏರುತ್ತದೆ.

ಏಜೆಂಟರ ಕೈಗೆ ದಾಖಲೆ ಕೊಟ್ಟು ಐದಾರು ಬ್ಯಾಂಕಿಗೆ ಒಟ್ಟಿಗೆ ಅರ್ಜಿ ಹಾಕಿಸುವುದು ಖಂಡಿತ ಬೇಡ. ಪ್ರತಿ ಬ್ಯಾಂಕಿನ ವಿಚಾರಣೆಯೂ ವರದಿಯಲ್ಲಿ ದಾಖಲಾಗಿ ಸ್ಕೋರ್ ಇಳಿಯಬಹುದು. ನಿಮ್ಮ ವರದಿಯನ್ನು ನೀವೇ ನೋಡಿಕೊಂಡರೆ ಸ್ಕೋರ್ ಇಳಿಯುವುದಿಲ್ಲ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್, ಈ ನಾಲ್ಕೂ ಬ್ಯೂರೋಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಲೇಬೇಕು.

ತಪ್ಪು ಕಂಡರೆ ಬ್ಯೂರೋದ ಜಾಲತಾಣದಲ್ಲೇ ತಕರಾರು ಸಲ್ಲಿಸಿ. 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಹಾಗಾಗಿ ಈ ಕೆಲಸವನ್ನು ಸೈಟ್‌ಗೋ ಫ್ಲ್ಯಾಟ್‌ಗೋ ಮುಂಗಡ ಕೊಡುವ ಮೂರ್ನಾಲ್ಕು ತಿಂಗಳ ಮೊದಲೇ ಮುಗಿಸಿ.

ಇಷ್ಟೆಲ್ಲ ಯಾಕೆಂದರೆ ಹಲವು ಬ್ಯಾಂಕುಗಳಲ್ಲಿ ಬಡ್ಡಿದರವೂ ಸ್ಕೋರ್ ನೋಡಿಯೇ ನಿಗದಿಯಾಗುತ್ತದೆ. 50 ಲಕ್ಷಕ್ಕೆ 20 ವರ್ಷದ ಸಾಲ, ದರ 8.5 ಬದಲು 8.75 ಶೇಕಡ ಆದರೆ ಕಂತು ತಿಂಗಳಿಗೆ ಸುಮಾರು 795 ರೂಪಾಯಿ ಹೆಚ್ಚು. ಅವಧಿ ಮುಗಿಯುವಷ್ಟರಲ್ಲಿ 1.9 ಲಕ್ಷ. ಜಂಟಿ ಸಾಲವಾದರೆ ಸಂಗಾತಿಯ ವರದಿಯನ್ನೂ ಇದೇ ರೀತಿ ತೆಗೆಸಿ ನೋಡಿ. ಯಾರಿಗಾದರೂ ಜಾಮೀನು ನಿಂತಿದ್ದರೆ ಆ ಸಾಲದ ಕಂತು ಸರಿಯಾಗಿ ಕಟ್ಟುತ್ತಿದ್ದಾರೆಯೇ ಎಂಬುದನ್ನೂ ಅಲ್ಲೇ ಪರಿಶೀಲಿಸಿ.