ಅಕ್ಷರಗುಂಡಿನ ಪಾಠ

ಚಿತ್ರದುರ್ಗದಲ್ಲಿ ಇತಿಹಾಸ ಓದಿದವರಿಗೆ ಸಿಕ್ಕ ಭಾಗ್ಯ ದೊಡ್ಡದು. ಈ ನಾಡಿನ ಚರಿತ್ರೆಯ ದಿಕ್ಕು ಬದಲಿಸಿದ ಇಬ್ಬರು ಅರಸರ ಹೆಸರಿನಲ್ಲಿ, ಅವರ ಕಾಲದಲ್ಲೇ ಕೊರೆದ ಶಾಸನಗಳು ಜಿಲ್ಲೆಯ ಗಡಿ ದಾಟದೆ ಓದಲು ಸಿಗುತ್ತವೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಮೌರ್ಯ ಅಶೋಕ, ಊರಿಗೆ ಅಂಟಿಕೊಂಡೇ ಇರುವ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮ. ಕೋಟೆ, ಮದಕರಿ ನಾಯಕ, ಓಬವ್ವ ಇವರ ಕಥೆ ಮನೆಯಲ್ಲೇ ಕೇಳಿ ಬೆಳೆದಿರುತ್ತೇವೆ. ಆ ಎರಡು ಕಲ್ಲುಗಳನ್ನು ಮಾತ್ರ ಯಾರಾದರೂ ಕೈಹಿಡಿದು ತೋರಿಸಬೇಕು. ನಮ್ಮ ಇತಿಹಾಸದ ಮೇಷ್ಟ್ರು ತೋರಿಸಿದರು. ಅವರು ಕಲಿಸಿದ ಕ್ರಮವನ್ನು ಈಗ ಓದುತ್ತಿರುವವರಿಗೆ ದಾಟಿಸಲು ಈ ಬರಹ. ಪುಸ್ತಕ ಹೇಳಿದ ಅರಸ ಬೇರೆ, ಕಲ್ಲು ಹೇಳುವ ಅರಸ ಬೇರೆ. ಮೊದಲು ಕಲ್ಲನ್ನು ಓದಿ, ಆಮೇಲೆ ಪುಸ್ತಕಕ್ಕೆ ಬನ್ನಿ ಎನ್ನುವುದೇ ಅವರ ಪಾಠದ ತಿರುಳು.

ಅಶೋಕನ ಕಲ್ಲು ಒಂದಲ್ಲ, ಮೂರು. ಬ್ರಹ್ಮಗಿರಿಯ ಬುಡದಲ್ಲಿ ಒಂದು, ಹತ್ತಿರದ ಸಿದ್ದಾಪುರದ ಬಂಡೆಯ ಮೇಲೆ ಒಂದು, ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ ಇನ್ನೊಂದು. ಮೂರನ್ನೂ 1892ರಲ್ಲಿ ಬೆಳಕಿಗೆ ತಂದವರು ಶಾಸನತಜ್ಞ ಬಿ. ಎಲ್. ರೈಸ್. ಅವರು ಬರುವುದಕ್ಕೆ ಮೊದಲೂ ಊರವರಿಗೆ ಈ ಬಂಡೆಗಳ ಗುರುತಿತ್ತು. ಬ್ರಹ್ಮಗಿರಿಯದನ್ನು ಅಕ್ಷರಗುಂಡು ಎನ್ನುತ್ತಿದ್ದರು. ಜಟಿಂಗ ರಾಮೇಶ್ವರದ್ದು ಬಳೆಗಾರ ಗುಂಡು, ಏಕೆಂದರೆ ಜಾತ್ರೆಯಲ್ಲಿ ಬಳೆ ಮಾರುವವರು ಅದರ ಮೇಲೇ ಅಂಗಡಿ ಹೂಡುತ್ತಿದ್ದರು. ಮೂರರಲ್ಲೂ ಹೆಚ್ಚುಕಡಿಮೆ ಒಂದೇ ಪಾಠವಿದ್ದರೂ ಬೆಟ್ಟದ ಮೇಲಿನದು ತುಂಬಾ ಸವೆದಿದೆ. ಹಾಸುಬಂಡೆಯ ಮೇಲೆ ಕೊರೆದ ಅಕ್ಷರಕ್ಕೆ ಮಳೆಗಿಂತ ಮನುಷ್ಯರ ಕಾಲೇ ದೊಡ್ಡ ಶತ್ರು. ಆದ್ದರಿಂದ ಕಲಿಯುವವರು ಬ್ರಹ್ಮಗಿರಿಯಿಂದ ಶುರು ಮಾಡಬೇಕು, ಅಲ್ಲಿ ಹದಿಮೂರು ಸಾಲು ಸಾಕಷ್ಟು ಚೆನ್ನಾಗಿ ಉಳಿದಿದೆ. ಒಂದರಲ್ಲಿ ಅಳಿಸಿದ್ದನ್ನು ಇನ್ನೊಂದರಿಂದ ತುಂಬಿಕೊಳ್ಳಬಹುದು. ವಿದ್ವಾಂಸರು ಮಾಡಿದ್ದೂ ಅದನ್ನೇ.

ಈ ಕಲ್ಲುಗಳ ಲಿಪಿ ಬ್ರಾಹ್ಮಿ. ಅದನ್ನು ಕಲಿಯಲು ಒಂದು ವಾರ ಸಾಕು. ಮೊದಲು ಮರೆಯಲಾಗದ ಅಕ್ಷರಗಳನ್ನು ಹಿಡಿಯಿರಿ. ಕ ಎಂದರೆ ಕೂಡಿಸುವ ಚಿಹ್ನೆ. ನ ಎಂದರೆ ಅಡ್ಡಗೆರೆಯ ಮೇಲೆ ನಿಂತ ಒಂದು ಕಡ್ಡಿ. ಅದೇ ಕಡ್ಡಿಗೆ ತಲೆಯ ಮೇಲೂ ಅಡ್ಡಗೆರೆ ಎಳೆದರೆ ಣ. ಠ ಒಂದು ದುಂಡು, ಆ ದುಂಡಿನ ನಡುವೆ ಚುಕ್ಕೆ ಇಟ್ಟರೆ ಥ. ಟ ಬಲಕ್ಕೆ ಬಾಯ್ತೆರೆದ ಅರ್ಧ ದುಂಡು. ಸ್ವರಗಳೆಲ್ಲ ಪುಟ್ಟ ಗೀಟುಗಳು: ತಲೆಯಿಂದ ಬಲಕ್ಕೆ ಚಾಚಿದರೆ ಆ, ಎಡಕ್ಕೆ ಚಾಚಿದರೆ ಏ, ಬುಡದಲ್ಲಿ ಬಂದರೆ ಉ. ಅನುಸ್ವಾರ ಬರೀ ಚುಕ್ಕೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಈ ಲಿಪಿಯನ್ನು ಬಿಡಿಸಿದ್ದೂ ಇಂಥ ಚಿಕ್ಕ ಗುರುತು ಹಿಡಿದೇ. ಸಾಂಚಿಯ ಚಿಕ್ಕ ಚಿಕ್ಕ ಶಾಸನಗಳೆಲ್ಲ ಒಂದೇ ಪದದಲ್ಲಿ ಮುಗಿಯುತ್ತಿದ್ದವು. ಕಾಣಿಕೆ ಕೊಟ್ಟವರ ಬರಹ ಇರಬೇಕೆಂದು ಊಹಿಸಿ ಆ ಪದವನ್ನು ‘ದಾನಂ’ ಎಂದು ಓದಿದರು. ದ, ನ ಸಿಕ್ಕಿದ ಮೇಲೆ ಉಳಿದವು ಒಂದೊಂದಾಗಿ ಬಿಚ್ಚಿಕೊಂಡವು.

ತಪ್ಪಾಗುವುದೂ ಇಲ್ಲೇ. ನಮ್ಮ ಸೀಮೆಯ ಕಲ್ಲು ಕಣಶಿಲೆ, ಅದರ ಮೈತುಂಬ ಹುಟ್ಟಾ ಗುಳಿಗಳು. ಠ ಅಕ್ಷರದ ನಡುವೆ ಅಂಥ ಗುಳಿಯೊಂದು ಬಿದ್ದರೆ ಅದು ಥ ಆಗಿಬಿಡುತ್ತದೆ. ಅಕ್ಷರದ ಪಕ್ಕ ಬಿದ್ದರೆ ಇಲ್ಲದ ಅನುಸ್ವಾರ ಹುಟ್ಟುತ್ತದೆ. ಉಳಿ ಮಾಡಿದ ಚುಕ್ಕೆಗೆ ಅಂಚು ಸ್ಪಷ್ಟ, ಆಳ ಒಂದೇ ಸಮ. ಕಲ್ಲಿನದೇ ಗುಳಿಗೆ ಅಂಚು ಒರಟು, ಒಳಗೆ ಹರಳಿನ ಮಿನುಗು ಕಾಣುತ್ತದೆ. ಇನ್ನೊಂದು ತೊಡಕು ಒತ್ತಕ್ಷರದ್ದು. ಈ ಶಾಸನಗಳ ಭಾಷೆಯಾದ ಪ್ರಾಕೃತದ ಇಮ್ಮಡಿ ವ್ಯಂಜನವನ್ನು ಅಶೋಕನ ಲಿಪಿಕಾರರು ಒಂದಾಗಿಯೇ ಬರೆಯುತ್ತಾರೆ. ‘ಸಚಂ’ ಎಂದು ಕಂಡರೆ ಅದು ಸಚ್ಚಂ, ಅಂದರೆ ಸತ್ಯ. ಇಷ್ಟು ಗೊತ್ತಿಲ್ಲದೆ ನಿಘಂಟು ಹಿಡಿದು ಕೂತರೆ ದಾರಿ ತಪ್ಪುತ್ತದೆ.

ಈಗ ಕಲ್ಲಿನ ಮಾತಿಗೆ ಬರೋಣ. ಬ್ರಹ್ಮಗಿರಿಯ ಶಾಸನ ಶುರುವಾಗುವುದು ಕಾಗದದಂತೆ. ಸುವರ್ಣಗಿರಿಯಿಂದ ಆರ್ಯಪುತ್ರನ ಮತ್ತು ಮಹಾಮಾತ್ರರ ಮಾತಿನ ಮೇರೆಗೆ ಇಸಿಲದ ಮಹಾಮಾತ್ರರಿಗೆ ಆರೋಗ್ಯ ಹಾರೈಸಿ ಹೀಗೆ ಹೇಳತಕ್ಕದ್ದು, ದೇವಾಣಂಪಿಯನು, ಅಂದರೆ ದೇವರಿಗೆ ಪ್ರಿಯನಾದ ದೊರೆ, ಅಪ್ಪಣೆ ಕೊಡಿಸುತ್ತಾನೆ. ಕುಶಲ ಸಮಾಚಾರವೂ ಕಲ್ಲಿನ ಮೇಲೆ ಬಂದಿದೆ! ಜನರಿಗೆ ಕೇಳಿಸಬೇಕಾದ್ದು ಅಪ್ಪಣೆ ಮಾತ್ರ, ಆದರೆ ಬಂದ ಓಲೆಯನ್ನು ತಲೆಬರಹದ ಸಮೇತ ಕೊರೆದುಬಿಟ್ಟಿದ್ದಾರೆ. ಆ ಪ್ರಮಾದದಿಂದಲೇ ಆಡಳಿತದ ಮೆಟ್ಟಿಲುಗಳು ನಮಗೆ ತಿಳಿದವು. ದೊರೆಯ ಕೆಳಗೆ ಸುವರ್ಣಗಿರಿಯಲ್ಲಿ ರಾಜಕುಮಾರ, ಅವನ ಕೆಳಗೆ ಇಸಿಲದ ಅಧಿಕಾರಿಗಳು. ಇಸಿಲ ಈ ಬೆಟ್ಟದ ಬುಡದಲ್ಲಿದ್ದ ಪಟ್ಟಣವೇ ಎಂದು ಬಹುಮಂದಿ ವಿದ್ವಾಂಸರ ಎಣಿಕೆ.

ಮುಂದೆ ದೊರೆ ತನ್ನ ಬಗ್ಗೆ ಹೇಳಿಕೊಳ್ಳುತ್ತಾನೆ. ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಆದರೆ ಒಂದು ವರ್ಷ ನಾನು ಅಷ್ಟೇನೂ ಶ್ರಮಪಡಲಿಲ್ಲ, ಸಂಘದ ಬಳಿ ಹೋದ ಮೇಲೆ ವರ್ಷಕ್ಕೂ ಮಿಕ್ಕಿ ಚೆನ್ನಾಗಿ ಶ್ರಮಪಟ್ಟಿದ್ದೇನೆ. ದೊಡ್ಡವರಿಗಷ್ಟೇ ಅಲ್ಲ, ಚಿಕ್ಕವನೂ ಶ್ರಮಿಸಿದರೆ ಸ್ವರ್ಗ ಪಡೆಯಬಹುದು. ಆಸೇತು ಹಿಮಾಚಲ ಹೆಸರಾದ ಚಕ್ರವರ್ತಿಯೊಬ್ಬ ‘ಒಂದು ವರ್ಷ ಸಾಲದಾಯಿತು’ ಎಂದು ಬಂಡೆಯ ಮೇಲೆ ಬರೆಸಿದ್ದನ್ನು ಮೊದಲ ಸಲ ಓದುವಾಗ ಮೈ ಜುಮ್ಮೆನ್ನುತ್ತದೆ. ಕಳಿಂಗ ಯುದ್ಧದ ಪ್ರಸ್ತಾಪ ಈ ಕಲ್ಲಿನಲ್ಲಿ ಇಲ್ಲ. ಅದನ್ನು ಇಲ್ಲಿಗೆ ಎಳೆದು ತರಬಾರದು.

ಪರೀಕ್ಷೆಯಲ್ಲಿ ಎಲ್ಲರೂ ಮಾಡುವ ಒಂದು ತಪ್ಪನ್ನು ಹೇಳಲೇಬೇಕು. ಬ್ರಹ್ಮಗಿರಿಯಲ್ಲಿ ‘ಅಶೋಕ’ ಎಂಬ ಹೆಸರೇ ಇಲ್ಲ. ಇರುವುದು ದೇವಾಣಂಪಿಯ ಎಂಬ ಬಿರುದು. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕ ಶಾಸನದಲ್ಲಿ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಕಂಡಿತು, ಅದರಿಂದ ಇಬ್ಬರೂ ಒಬ್ಬನೇ ಎನ್ನುವುದು ಗಟ್ಟಿಯಾಯಿತು. ಹಾಗೆಯೇ ಬ್ರಹ್ಮಗಿರಿಯ ಶಾಸನದಲ್ಲಿ ಬರುವ 256 ಎಂಬ ಸಂಖ್ಯೆ. ಅದನ್ನು ಈಗಿನಂತೆ ಸ್ಥಾನ ಹಿಡಿದು ಬರೆದಿಲ್ಲ, 200ಕ್ಕೊಂದು, 50ಕ್ಕೊಂದು, 6ಕ್ಕೊಂದು ಬೇರೆ ಬೇರೆ ಗುರುತುಗಳಿವೆ. ಬುದ್ಧನ ನಿರ್ವಾಣದಿಂದ ಎಣಿಸಿದ ವರ್ಷವೆಂದು ಮೊದಲು ಕೆಲವರು ತಿಳಿದಿದ್ದರು. ದೊರೆ ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕ ಎನ್ನುವುದು ಈಗ ಹೆಚ್ಚು ಜನ ಒಪ್ಪಿದ ಅರ್ಥ.

ಕಡೆಯ ಸಾಲುಗಳು ಕಾಲೇಜಿನವರಿಗೇ ಬರೆದಂತಿವೆ. ತಾಯಿತಂದೆಯರ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಗಟ್ಟಿಯಾಗಿರಬೇಕು, ‘ಸಚಂ ವತವಿಯಂ’, ಸತ್ಯ ಹೇಳಬೇಕು. ಅಂತೇವಾಸಿ, ಅಂದರೆ ಶಿಷ್ಯ, ಆಚಾರ್ಯನನ್ನು ಗೌರವಿಸಬೇಕು, ಬಂಧುಗಳಲ್ಲಿ ತಕ್ಕಂತೆ ನಡೆಯಬೇಕು. ಇದು ‘ಪೋರಾಣಾ ಪಕಿತಿ’, ಹಿಂದಿನಿಂದ ಬಂದ ನಡೆ. ಹೊಸ ಧರ್ಮ ಹೇಳುತ್ತಿದ್ದೇನೆ ಎನ್ನದೆ ನಿಮ್ಮ ಹಳೆಯದೇ ಇದು ಎನ್ನುತ್ತಾನೆ. ಆಳುವವನ ಜಾಣ್ಮೆ, ನನ್ನ ಮಟ್ಟಿಗೆ, ಇಡೀ ಶಾಸನದಲ್ಲಿ ಇಲ್ಲಿಯೇ ಹೆಚ್ಚು ಕಾಣುವುದು.

ಪಡಿಯಚ್ಚು, ಅಂದರೆ ಕಲ್ಲಿನ ಅಕ್ಷರದ ಅಚ್ಚನ್ನು ಕಾಗದದ ಮೇಲೆ ತೆಗೆಯುವ ಕ್ರಮವನ್ನೂ ಬರೆಯುತ್ತೇನೆ, ಆದರೆ ಮೊದಲೇ ಒಂದು ಮಾತು. ಅಶೋಕನ ಕಲ್ಲುಗಳು ಕೇಂದ್ರದ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿವೆ. ಅಪ್ಪಣೆ ಇಲ್ಲದೆ ಅವುಗಳ ಮೇಲೆ ಕಾಗದ ಅಂಟಿಸುವುದಿರಲಿ, ಕೈಯಿಂದ ಉಜ್ಜಲೂಬಾರದು. ಅಭ್ಯಾಸಕ್ಕೆ ಬಳಸದೆ ಬಿದ್ದಿರುವ ಒಂದು ಹಳೆಯ ರುಬ್ಬುಗಲ್ಲು ಸಾಕು. ಕಲ್ಲನ್ನು ನೀರು ಹಾಕಿ ಮೆತ್ತನೆಯ ಬ್ರಷ್‌ನಿಂದ ತೊಳೆಯಬೇಕು, ತಂತಿಯ ಬ್ರಷ್ ಕೂಡದು. ಅಂಟು ಹಾಕದ ಮೆದು ಕಾಗದವನ್ನು ನೆನೆಸಿ ಕಲ್ಲಿನ ಮೇಲೆ ಹಾಸಿ, ನಡುವಿನಿಂದ ಅಂಚಿನ ಕಡೆಗೆ ಗಾಳಿ ಹೊರಡಿಸಬೇಕು. ಆಮೇಲೆ ಒತ್ತಾದ ಕೂದಲಿನ ಬ್ರಷ್‌ನಿಂದ ನೆಟ್ಟಗೆ ಬಡಿಯುತ್ತ ಕಾಗದವನ್ನು ಅಕ್ಷರದ ತೋಡಿನೊಳಕ್ಕೆ ಇಳಿಸಬೇಕು. ಓರೆಯಾಗಿ ಬಡಿದರೆ ಹರಿಯುತ್ತದೆ. ಹರಿದಲ್ಲಿ ಅದೇ ಕಾಗದದ ಚೂರನ್ನು ನೆನೆಸಿ ತೇಪೆ ಹಾಕಿ ಮತ್ತೆ ಬಡಿಯಬೇಕು. ಕಾಗದ ಅರೆ ಒಣಗಿದಾಗ ಹತ್ತಿ ತುಂಬಿದ ಬಟ್ಟೆಯ ಉಂಡೆಗೆ ಮಸಿ ಹಚ್ಚಿಕೊಂಡು ಮೆಲ್ಲಗೆ ತಟ್ಟುತ್ತ ಹೋಗಬೇಕು. ಮಸಿ ಎಂದರೆ ದೀಪದ ಕಾಡಿಗೆಗೆ ಗೋಂದಿನ ನೀರು ಕಲಸಿದ್ದು. ಉಬ್ಬಿದ ಕಡೆ ಕಪ್ಪು ಹತ್ತಿ, ತೋಡಿನೊಳಗಿನ ಅಕ್ಷರ ಬಿಳಿಯಾಗಿ ನಿಲ್ಲುತ್ತದೆ.

ಎಲ್ಲ ಇರುವುದು ಆ ಅರೆ ಒಣಗಿದ ಹದದಲ್ಲಿ. ಹಸಿ ಹೆಚ್ಚಿದ್ದರೆ ಮಸಿ ಹರಡಿ ಅಕ್ಷರ ಮುಚ್ಚುತ್ತದೆ, ಕಲ್ಲಿಗೂ ಇಳಿಯುತ್ತದೆ. ಪೂರ್ತಿ ಒಣಗಿದರೆ ಕಾಗದ ಎದ್ದು ಜರುಗಿ ಒಂದು ಗೀಟು ಎರಡಾಗುತ್ತದೆ. ನಮ್ಮ ಕಡೆಯ ಬಿಸಿಲಿಗೆ, ಗಾಳಿಗೆ ಕಾಗದ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಒಣಗುವುದರಿಂದ ಬೆಳಗಿನ ತಂಪಿನಲ್ಲೇ ಕೆಲಸ ಮುಗಿಸಬೇಕು. ಅಕ್ಷರ ಕಾಣಲೆಂದು ಸೀಮೆಸುಣ್ಣ ತುಂಬುವವರನ್ನು ಕಂಡರೆ ದಯವಿಟ್ಟು ತಡೆಯಿರಿ. ಅಕ್ಷರ ಇದೆ ಎಂದು ತುಂಬುವವನು ಭಾವಿಸಿದ ಕಡೆಯೆಲ್ಲ ಸುಣ್ಣ ಹೋಗುತ್ತದೆ, ಆಮೇಲೆ ತೆಗೆದ ಫೋಟೊ ಕಲ್ಲಿನದಲ್ಲ, ಅವನ ಊಹೆಯದು. ಅದಕ್ಕಿಂತ ಒಂದು ಟಾರ್ಚ್ ಸಾಕು. ಕಲ್ಲಿನ ಮೈಗೆ ಒರಗಿದಂತೆ ಪಕ್ಕದಿಂದ ಬೆಳಕು ಹಾಯಿಸಿ, ಒಮ್ಮೆ ಎಡದಿಂದ, ಒಮ್ಮೆ ಮೇಲಿನಿಂದ. ಒಂದೇ ದಿಕ್ಕಿನ ಬೆಳಕಿನಲ್ಲಿ ಅದಕ್ಕೆ ಸಮನಾಗಿ ಎಳೆದ ಗೀಟುಗಳು ಮಾಯವಾಗುತ್ತವೆ.

ಚಂದ್ರವಳ್ಳಿಯಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಮೂರೇ ಸಾಲು, ಪ್ರಾಕೃತ. 1929ರಲ್ಲಿ ಎಂ. ಎಚ್. ಕೃಷ್ಣ ಅವರು ಅಲ್ಲಿ ಉತ್ಖನನ ಮಾಡಿದಾಗ ಇದು ವಿದ್ವಾಂಸರ ಗಮನಕ್ಕೆ ಬಂತು. ಕದಂಬರ ಮಯೂರಶರ್ಮ ಕೆರೆ ಕಟ್ಟಿಸಿದ ಎನ್ನುವುದು ಅದರ ತಿರುಳು, ಅಷ್ಟು ಗಟ್ಟಿ. ಅವನು ಗೆದ್ದವರೆಂದು ಕೃಷ್ಣ ಅವರು ಓದಿದ ತ್ರೈಕೂಟಕ, ಆಭೀರ, ಪಲ್ಲವ, ಪುನ್ನಾಟ ಮೊದಲಾದ ಪಟ್ಟಿಯನ್ನು ಮುಂದಿನವರು ಬೇರೆ ಬೇರೆಯಾಗಿ ಓದಿದ್ದಾರೆ, ಏಕೆಂದರೆ ಅಕ್ಷರ ಅಷ್ಟು ಸವೆದಿವೆ. ಆ ಪಟ್ಟಿ ನಂಬಿ ಕದಂಬ ರಾಜ್ಯದ ನಕ್ಷೆ ಬರೆಯಬೇಡಿ. ಹೆಸರನ್ನೂ ನೋಡಿ: ಕಲ್ಲಿನಲ್ಲಿ ಇರುವುದು ‘ಸಮ್ಮ’, ಅಂದರೆ ಶರ್ಮ. ಮಯೂರವರ್ಮ ಎಂಬುದು ಆಮೇಲಿನ ಬಳಕೆ.

ಅವನು ಗುರು ವೀರಶರ್ಮನ ಜೊತೆ ಓದಲು ಕಂಚಿಯ ಘಟಿಕೆಗೆ ಹೋದದ್ದು, ಅಲ್ಲಿ ಪಲ್ಲವರ ಕುದುರೆಯವರೊಡನೆ ಜಗಳವಾದದ್ದು, ದರ್ಭೆ ಸಮಿತ್ತು ಹಿಡಿಯುತ್ತಿದ್ದ ಕೈಯಲ್ಲಿ ಕತ್ತಿ ಹಿರಿದದ್ದು, ಇವೆಲ್ಲ ಇರುವುದು ಶಿವಮೊಗ್ಗ ಜಿಲ್ಲೆಯ ತಾಳಗುಂದದ ಕಂಬದಲ್ಲಿ. ಕುಬ್ಜ ಎಂಬ ಕವಿ ಅದನ್ನು ಸಂಸ್ಕೃತದಲ್ಲಿ ಬರೆದದ್ದು ಶಾಂತಿವರ್ಮನ ಕಾಲಕ್ಕೆ, ಮಯೂರಶರ್ಮನಿಂದ ಎಣಿಸಿದರೆ ಐದನೇ ತಲೆಮಾರು. ಸುಳ್ಳೆಂದಲ್ಲ, ಆದರೆ ಮನೆತನದವರು ಹಿರಿಯನನ್ನು ನೆನೆದ ಬರಹ ಅದು. ಅವನ ಕಾಲದ ಕಲ್ಲು ಹೇಳುವುದು ಕೆರೆಯನ್ನು. ಮಳೆ ನೆಚ್ಚಲಾಗದ ಈ ಸೀಮೆಯಲ್ಲಿ ಹೊಸದಾಗಿ ರಾಜ್ಯ ಕಟ್ಟಿದವನು ಬಂಡೆಯ ಮೇಲೆ ಬರೆಸಲು ಆರಿಸಿಕೊಂಡದ್ದು ನೀರಿನ ಕೆಲಸವನ್ನು. ದುರ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಣ್ಣಿನ ಸಾಕ್ಷಿಯೂ ಇದೆ. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿ, ಚಂದ್ರವಳ್ಳಿ ಎರಡನ್ನೂ ಅಗೆಸಿದರು. ಕೆಳಗೆ ನಯಗೊಳಿಸಿದ ಕಲ್ಲಿನ ಕೊಡಲಿ, ಅದರ ಮೇಲೆ ಕಬ್ಬಿಣ ಬಳಸಿದ ಬೃಹತ್ ಶಿಲಾ ಸಮಾಧಿಗಳವರು, ಅದರ ಮೇಲೆ ಶಾತವಾಹನ ಕಾಲ. ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ರೋಮನ್ ಸರಕಿನ ಜೊತೆ ಸಿಕ್ಕಿದ್ದಂಥ ಗೀರುಗೆರೆಯ ಮಡಕೆ ಇಲ್ಲಿಯೂ ಸಿಕ್ಕಿದ್ದರಿಂದ ಮೇಲಿನ ಪದರಕ್ಕೆ ಕಾಲ ಕಟ್ಟಿದರು. ಕೆಳಗಿನ ಪದರಕ್ಕೆ ಅವರು ಕೊಟ್ಟ ಕಾಲ ಉಳಿಯಲಿಲ್ಲ, ಇಂಗಾಲದ ಪರೀಕ್ಷೆಗಳು ಬಂದ ಮೇಲೆ ದಕ್ಷಿಣದ ನವಶಿಲಾಯುಗ ಸಾವಿರಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಸರಿಯಿತು. ಹಳೆಯ ಗೈಡ್ ಪುಸ್ತಕಗಳಲ್ಲಿ ಇನ್ನೂ ಹಳೆಯ ಅಂಕಿಯೇ ಇರುತ್ತದೆ.

ಬ್ರಹ್ಮಗಿರಿಗೆ ಹೋದವರು ಹದಿಮೂರನೇ ಸಾಲಿನ ತುದಿ ನೋಡದೆ ಬರಬೇಡಿ. ‘ಚಪಡೇನ ಲಿಖಿತೇ’, ಚಪಡ ಬರೆದದ್ದು, ಎಂದು ಬ್ರಾಹ್ಮಿ ನಿಲ್ಲುತ್ತದೆ. ಮುಂದಿನ ಐದು ಅಕ್ಷರ ಬ್ರಾಹ್ಮಿ ಅಲ್ಲ, ಗಾಂಧಾರದ ಕಡೆ ನಡೆಯುತ್ತಿದ್ದ ಖರೋಷ್ಠಿ. ಅಲ್ಲಿ ಲಿಪಿ ಕಲಿತವನೊಬ್ಬ ನಮ್ಮ ಸೀಮೆಯ ಈ ಬಂಡೆಯ ಮುಂದೆ ಕೂತು, ದೊರೆಯ ಮಾತನ್ನು ಇಲ್ಲಿಯವರಿಗಾಗಿ ಬ್ರಾಹ್ಮಿಯಲ್ಲಿ ಬರೆದು, ತನ್ನ ಕಸುಬಿನ ಹೆಸರನ್ನು ಮಾತ್ರ ತನ್ನ ಲಿಪಿಯಲ್ಲಿ ಇಟ್ಟಿದ್ದಾನೆ. ಎಡದಿಂದ ಓದಿದರೆ ಏನೂ ದಕ್ಕುವುದಿಲ್ಲ. ಬಲಗಡೆಯಿಂದ ಹಿಡಿಯಿರಿ: ಲಿ, ಪಿ, ಕ, ರೇ, ಣ.