ಮೈಕ್ ಮುಂದೆ

ಇವತ್ತು ನಮ್ಮ ಬಡಾವಣೆ ರಾಜ್ಯೋತ್ಸವದಲ್ಲಿ ಮಾತಾಡಿದೆ.

ಹೆಸರು ಕರೆದಾಗಲೇ ಬಾಯಿ ಒಣಗಿತ್ತು. ಕೈಲಿದ್ದ ಚೀಟಿ ಪಟಪಟ ಅದುರೋ ಸದ್ದು ಮೈಕಲ್ಲೂ ಕೇಳ್ತಿತ್ತು.

ಮುಂದಿನ ಸಾಲಲ್ಲಿ ಒಬ್ಬರು ಅಜ್ಜಿ. ತೊಡೆ ಮೇಲೆ ಮೊಮ್ಮಗು. ಅದಕ್ಕೆ ಬಾಳೆಹಣ್ಣು ಸುಲಿದು ಕೊಡ್ತಾ, "ಹೇಳಮ್ಮ" ಅನ್ನೋ ಹಾಗೆ ನನ್ನ ಕಡೆ ತಲೆ ಆಡಿಸಿದ್ರು.

ಚೀಟಿ ಮಡಚಿಟ್ಟೆ. ಅವರೊಬ್ಬರಿಗೇ ಹೇಳೋ ಹಾಗೆ ಶುರು ಮಾಡಿದೆ. 1956ರಲ್ಲಿ ಹರಿದು ಹಂಚಿಹೋಗಿದ್ದ ನಾಡು ಒಂದಾಗಿದ್ದು, 1973ರಲ್ಲಿ ಕರ್ನಾಟಕ ಅಂತ ಹೆಸರಾಗಿದ್ದು...

ಕೈ ನಡುಕ ಪೂರ್ತಿ ನಿಲ್ಲಲಿಲ್ಲ. ದಿಗಿಲಿಗೆ ಮೈಯಲ್ಲಿ ಏರಿದ ಅಡ್ರಿನಲಿನ್ ಅನ್ನೋ ಹಾರ್ಮೋನು ಇಳಿಯೋಕೆ ಹೊತ್ತು ಬೇಕಲ್ಲ. ಆದ್ರೆ ಎಲ್ಲರೂ ನನ್ನನ್ನೇ ಅಳೀತಿದ್ದಾರೆ ಅನ್ನೋ ದಿಗಿಲು ಎಲ್ಲೋ ಕಳಚಿ ಬಿತ್ತು. ಅವರೆಲ್ಲ ನಾಡಿನ ಕಥೆ ಕೇಳ್ತಿದ್ರು.

ಕೆಳಗಿಳಿದ ಮೇಲೆ ಅಜ್ಜಿ ಪಕ್ಕಕ್ಕೆ ಕರೆದು ಕೂರಿಸಿಕೊಂಡ್ರು. "ನಮ್ದು ಬಳ್ಳಾರಿ. ನಾವು 1953ರಲ್ಲೇ ಮೈಸೂರು ರಾಜ್ಯಕ್ಕೆ ಸೇರಿದ್ವಿ, ಮುಂದಿನ ವರ್ಷ ಅದನ್ನೂ ಹೇಳು."

ಹೇಳ್ತೀನಿ.